ಸೇಬಿನ ಮರದ ಗಂಟುಗಳು

ಜುಲೈ ೧೪, ಮಂಗಳವಾರ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜುಲೈ ಅಂದರೆ ನಡು ಚಳಿಗಾಲ; ಹ್ಯೂಆನ್ ನದಿಯ ಮೇಲೆ ಮಧ್ಯಾಹ್ನದವರೆಗೂ ಮಂಜು.

ಪಕ್ಕದ ಮನೆಯ ಎನಿಡ್ ಅಜ್ಜಿಯ ಸೇಬಿನ ಮರವನ್ನು ಹಾಳು ಮಾಡಿದೆ. ಚಳಿಗಾಲದಲ್ಲಿ ಕೊಂಬೆ ಸವರುವ ಕೆಲಸ ನನಗೆ ಬರುತ್ತದೆ ಎಂದು ಹೇಳಿ, ಕೊಂಬೆಗಳ ಮೇಲಿನ ಗಂಟುಗಳನ್ನೆಲ್ಲ ಕತ್ತರಿಸಿಬಿಟ್ಟೆ. ಕೊನೆಯ ಗಂಟಿನಲ್ಲಿ ಹೋದ ವರ್ಷದ ಹಣ್ಣಿನ ಒಣ ತೊಟ್ಟು ಕಂಡಾಗಲೇ ಗೊತ್ತಾಗಿದ್ದು, ಹಣ್ಣು ಬಿಡುವುದು ಅಲ್ಲೇ ಎಂದು. ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಅಜ್ಜಿಯ ಮುಂದೆ ಇಟ್ಟೆ.

"ಮತ್ತೆ ಹಣ್ಣು ಬಿಡೋಕೆ ಎಷ್ಟು ದಿನ ಬೇಕು?"

"ದಿನ ಅಲ್ಲ ಕಣೇ ಬ್ರೈಡಿ, ಮೂರು ವರ್ಷ. ನನಗೀಗ ಎಂಬತ್ತಾರು. ಸಾಯೋದನ್ನೂ ಮುಂದೂಡಿಸಿಬಿಟ್ಯಲ್ಲೇ."

ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ. ಮೂರು ಚಳಿಗಾಲವೂ ಮರ ನೋಡಿಕೊಳ್ಳುತ್ತೇನೆ ಎಂದೆ. ಶಾಲೆ ಬಿಟ್ಟ ಮೇಲೆ ಎಲ್ಲೂ ಮೂರು ತಿಂಗಳು ನಿಂತವಳಲ್ಲ ನಾನು. ಆದರೂ ಹೇಳಿದಾಗ ಸುಳ್ಳು ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ.