ಗೋಡೆಯ ಮೇಲಿನ ನೆಟ್ಟನೆಯ ಗೆರೆ

ಕಲ್ಲೋಣಿ, ಕೃಷ್ಣೆಯ ದಡ
ನಡುನೀರು ತಿಂಗಳು, ಮೂವತ್ತೆರಡನೆಯ ತಾರೀಕು

ಐದು ತಲೆಮಾರು ಹಿಂದಿನ ನಮ್ಮ ಅಜ್ಜಿ ಗುರುಬಾಯಿಯವರಿಗೆ ನೀಲಾಂಬಿಕೆಯ ಶರಣು.

ತಾರೀಕು ನೋಡಿ ನಗಬೇಡಿ. ಸೇತುವೆ ರಿಪೇರಿಗೆಂದು ಬಿಟ್ಟ ದಿನವನ್ನು ನಾವು ಯಾವ ವಾರಕ್ಕೂ ಸೇರಿಸದೆ ತಿಂಗಳ ಬಾಲಕ್ಕೆ ಅಂಟಿಸುತ್ತೇವೆ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಿಮಗಿನ್ನೂ ಮದುವೆಯೂ ಆಗಿರಲಿಕ್ಕಿಲ್ಲ, ನಾನು ಆಗಲೇ ಅಜ್ಜಿ ಎನ್ನುತ್ತಿದ್ದೇನೆ! ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಹೋಗುವ ಆ ಅಂಚೆ ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಸಲ ಸಿಗುತ್ತದೆ. ಎಲ್ಲರೂ ತೀರಿಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ಒಂದು ಗಡಿಯಾರದ ವಿಷಯಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನೀವು ಹೂಡಲಿರುವ ಟೈಮ್ ಸರ್ವರ್ ಇನ್ನೂ ಓಡುತ್ತಿದೆ. ಒಳಗಿನ ಭಾಗಗಳೆಲ್ಲ ಬದಲಾದರೂ ಸೆಟ್ಟಿಂಗ್ ನಿಮ್ಮದೇ. ನಾವು ಅದಕ್ಕೆ ವೇಳೆಗಾರ ಎನ್ನುತ್ತೇವೆ. ಊರಿನ ಪಂಪು, ಶಾಲೆಯ ಗಂಟೆ, ಹಾಲಿನ ಡೇರಿ ಎಲ್ಲವೂ ಹೊತ್ತು ಕೇಳುವುದು ಅದನ್ನೇ. ಸೇತುವೆಯೂ ಅಷ್ಟೇ. ಅದು ಒಂದೇ ಗಾಡಿಯ ಅಗಲ, ನಡುವೆ ತಿರುವು, ಆಚೆ ಕಾಣುವುದಿಲ್ಲ. ಬೆಸ ಗಂಟೆಗೆ ನಮ್ಮ ಗಾಡಿಗಳು, ಸಮ ಗಂಟೆಗೆ ಹೊಳೆಯಾಚೆಯ ಅಚ್ಚಿದಂಡೆಯವರವು. ಎರಡೂ ಊರಿನ ಗಡಿಯಾರಗಳ ಮೇಲೆ ನಂಬಿಕೆಯಿಟ್ಟು ಜನ ಹೊಳೆ ದಾಟುತ್ತಾರೆ.

ವೇಳೆಗಾರ ಎಷ್ಟು ತಪ್ಪಿದೆ ಎಂದು ತೋರಿಸುವ ನಿಮ್ಮ ಗ್ರಾಫನ್ನು ನಾವು ಚಾವಡಿಯ ಗೋಡೆಗೇ ಏರಿಸಿದ್ದೇವೆ. ಅದರ ಕಾವಲು ನನ್ನ ಕೆಲಸ. ನಮ್ಮ ಗೆರೆ ಎಂದೂ ಅಲುಗಿದ್ದಿಲ್ಲ. ಮದುಮಕ್ಕಳನ್ನು ಕರೆತಂದು ಅದರ ಮುಂದೆ ನಿಲ್ಲಿಸುತ್ತಾರೆ, ಬಾಳು ಹಾಗೇ ನೆಟ್ಟಗಿರಲಿ ಎಂದು. ಅಚ್ಚಿದಂಡೆಯವರ ಗೆರೆ ಮಾತ್ರ ಸದಾ ಮೇಲೆ ಕೆಳಗೆ. "ಎತ್ತ ಉಚ್ಚಿ ಹೊಯ್ದಂಗೈತಿ ನೋಡ ಅವರ ಗೆರಿ" ಎಂದು ನಮ್ಮವರು ಸಂತೆಯಲ್ಲಿ ಅವರನ್ನು ಆಡಿಕೊಳ್ಳುತ್ತಾರೆ.

ಹೋದ ವಾರ ನನ್ನ ಮಗಳು ಮಹಾನಂದಾ ನಮ್ಮ ಬೆಸ ಗಂಟೆಗೇ ಹಾಲಿನ ಗಾಡಿ ಹೊಡೆದುಕೊಂಡು ಸೇತುವೆ ಹತ್ತಿದಳು. ತಿರುವಿನಲ್ಲಿ ಎದುರಿಗೆ ಅವರ ಗಾಡಿ. ಇವಳು ಪಕ್ಕಕ್ಕೆಳೆದ ರಭಸಕ್ಕೆ ಒಂದು ಚಕ್ರ ಹೊಳೆಯ ಮೇಲೆ ತೂಗಾಡಿತು. ಕೈ ಮುರಿಯಿತು, ಜೀವ ಉಳಿಯಿತು. ಚಾವಡಿಗೆ ಓಡಿದೆ. ಗೆರೆ ಎಂದಿನಂತೆ ನೆಟ್ಟಗಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಸೆಟ್ಟಿಂಗ್ ಬಿಚ್ಚಿ ನೋಡಿದೆ. ಅಚ್ಚಿದಂಡೆಯವರು ತಮ್ಮ ಗಡಿಯಾರವನ್ನು ಆಕಾಶದ ಉಪಗ್ರಹಗಳ ಜೊತೆ ಹೋಲಿಸುತ್ತಾರೆ. ತಪ್ಪು ಕಾಣುತ್ತದೆ, ತಿದ್ದುತ್ತಾರೆ, ಅದಕ್ಕೇ ಆ ಡೊಂಕು. ನಮ್ಮದು ತನ್ನನ್ನು ತನ್ನ ಜೊತೆಗೇ ಹೋಲಿಸಿಕೊಳ್ಳುತ್ತಿದೆ. ತಪ್ಪು ಸೊನ್ನೆಯಲ್ಲದೆ ಇನ್ನೇನಾದೀತು? ಹೊತ್ತು ಮಾತ್ರ ಯಾರಿಗೂ ಕಾಣದಂತೆ ಜಾರುತ್ತಲೇ ಬಂದಿದೆ. ಆ ಸಾಲಿನ ಪಕ್ಕದಲ್ಲಿ ನೀವು ಬರೆದಿಟ್ಟ ಒಂದು ಪದವಿದೆ: "ಸದ್ಯಕ್ಕೆ". ಉಪಗ್ರಹದ ಹೊತ್ತು ಹಿಡಿಯುವ ಆಂಟೆನಾ ಬರುವ ತನಕ ಗ್ರಾಫ್ ಖಾಲಿ ಕಾಣದಿರಲಿ ಎಂದಿರಬೇಕು. ಅಜ್ಜಿ, ನಿಮ್ಮ ಆ "ಸದ್ಯಕ್ಕೆ" ಐದು ತಲೆಮಾರು ಬಾಳಿತು.

ನೋಡುವ ಹಕ್ಕಷ್ಟೇ ನನ್ನದು, ತಿದ್ದುವುದು ಪಂಚರ ಕೈಯಲ್ಲಿದೆ. ಪಂಚರ ಹಿರಿಯ ಶಿವರುದ್ರಪ್ಪನವರ ಕಾಲು ಹಿಡಿದೆ. "ಗೆರಿ ನೆಟ್ಟಗೈತಿ ತಂಗಿ, ಇನ್ನೇನ ಬೇಕ ನಿನಗ? ಮದವಿ ಸುಗ್ಗ್ಯಾಗ ಡೊಂಕ ಮಾಡಿ ಊರ ಮರ್ಯಾದಿ ಕಳೀತೀಯೇನ?" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಮದುವೆಯೂ ಆ ಗೆರೆಯ ಮುಂದೆಯೇ ಆದದ್ದು.

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ಆಂಟೆನಾ ಬರುವ ತನಕ ಗ್ರಾಫ್ ಖಾಲಿಯೇ ಇರಲಿ. ಯಾರು ನಕ್ಕರೂ ನಗಲಿ. ಬಂದ ಮೇಲೆ ಹೊರಗಿನ ಗಡಿಯಾರಕ್ಕೇ ಹೋಲಿಸಿ, ಗೆರೆ ಕುಣಿದರೆ ಕುಣಿಯಲು ಬಿಡಿ.

ನಾಳೆ ಬೆಳಗ್ಗೆ ಮಹಾನಂದಾಳ ಸರದಿ. ಬೇಡವೆಂದರೆ ಕೇಳುವವಳಲ್ಲ, ಕೈಗೆ ಪಟ್ಟಿ ಕಟ್ಟಿಕೊಂಡೇ ಹೊರಡುತ್ತಾಳೆ. ಅವಳಿಗಿಂತ ಮೊದಲು ಎದ್ದು ನಾನು ಚಾವಡಿಗೆ ಹೋಗುತ್ತೇನೆ. ನಮ್ಮ ಗೋಡೆಯ ಮೇಲೆ ಡೊಂಕು ಗೆರೆ ಕಂಡರೆ, ನಿಮಗೆ ಕಾಗದ ಮುಟ್ಟಿತೆಂದು ತಿಳಿಯುತ್ತೇನೆ.

ನಿಮ್ಮ ಮರಿಮಗಳ ಮೊಮ್ಮಗಳು,
ನೀಲಾಂಬಿಕೆ