ಕಮರಿ ಮುಚ್ಚಿದ ನಕ್ಷೆ

ಜೂನ್ ೩, ಸಂಜೆ

ಪ್ರಿಂಟರ್ ಮತ್ತೆ ಮುಷ್ಕರ ಹೂಡಿದೆ. ಚಹಾ ತಣ್ಣಗೆ. ಮೇಲಿನ ಕಣಿವೆಯ ಪ್ರವಾಹದ ಲೆಕ್ಕ ಇನ್ನೊಮ್ಮೆ ಓಡಿಸಿದೆ.

ಆಫೀಸಿನ ಹಳೆಯ ನಕ್ಷೆಯಲ್ಲಿ ತೊಂಬತ್ತು ಮೀಟರಿಗೆ ಒಂದು ಚೌಕ, ಚೌಕಕ್ಕೆ ಒಂದೇ ಎತ್ತರ. ಹೊಳೆ ಹರಿಯುವ ಕಮರಿಯ ಅಗಲವೋ ಇಪ್ಪತ್ತೇ ಮೀಟರ್. ಅಕ್ಕಪಕ್ಕದ ಗುಡ್ಡಗಳ ಜೊತೆ ಸರಾಸರಿಯಾಗಿ ಕಮರಿಯೇ ಮಾಯ! ನೀರಿಗೆ ದಾರಿ ಇಲ್ಲ. ದಾರಿ ಕಾಣದ ತಗ್ಗು ಸಿಕ್ಕರೆ 'ತುಂಬು' ಬಟನ್ ಒತ್ತುವುದು ನಮ್ಮವರ ಚಾಳಿ. ಯೋಚನೆಯೇ ಬೇಡ. ಒತ್ತಿದ್ದಾರೆ. ಕಣಿವೆ ಹೋಗಿ ಮೈದಾನ. ಆ ಇಲ್ಲದ ಮೈದಾನದಲ್ಲಿ ಪ್ರವಾಹ ಆರಾಮಾಗಿ ಕಾಲು ಚಾಚಿ ಮಲಗಿ, ಮೂರು ಗಂಟೆ ಬಿಟ್ಟು ಕೆಳಗಿಳಿಯುತ್ತದಂತೆ.

ವಿಮಾನದಿಂದ ಅಳೆದ ಎರಡು ಮೀಟರಿನ ಹೊಸ ಡೇಟಾ ಹಾಕಿದೆ — ಐವತ್ತೇ ನಿಮಿಷಕ್ಕೆ ನೀರು ಕೆಳಗೆ. ನೀರಿನ ಎತ್ತರವೂ ಒಂದಾಳು ಹೆಚ್ಚು.

ಕೆಳಗೆ, ಹೊಳೆಯ ತಿರುವಿನಲ್ಲಿ ಆಸ್ಪತ್ರೆ. ಅಲ್ಲಿನ ಹೆಡ್ ನರ್ಸ್ ನನ್ನ ಅಕ್ಕ.

ಜೂನ್ ೪

ಆಫೀಸಿನ ಮುಖ್ಯಸ್ಥರಾದ ಸಾಹೇಬರ ಮುಂದೆ ನಿಂತೆ.

"ಮೂರು ಗಂಟೆ ಅಂತ ಮಂಜೂರಾಗಿದೆಯಮ್ಮ. ಮೊದಲನೇ ಗಂಟೆ ಪ್ರವಾಹ ಖಚಿತ ಮಾಡ್ಕೊಳ್ಳೋಕೆ, ಆಮೇಲೆ ಸೈರನ್. ಈಗ ಬದಲಾಯಿಸಿದ್ರೆ ಹಳೇದು ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗೆ."

"ತಪ್ಪೇ ಸರ್. ಸೈರನ್ ಕೂಗೋಕೆ ಮುಂಚೆ ನೀರು ಬಂದಿರುತ್ತೆ."

"ಎರಡು ಮೀಟ್ರೋ ತೊಂಬತ್ತು ಮೀಟ್ರೋ, ಬೆಟ್ಟ ಅದೇ ತಾನೇ?"

ಹಲ್ಲು ಕಚ್ಚಿ ಹೊರಗೆ ಬಂದೆ. ಊಟ ಸೇರಲಿಲ್ಲ.

ಜೂನ್ ೯

ಅಕ್ಕನಿಗೆ ಫೋನ್. ಎಲ್ಲ ಹೇಳಿದೆ.

"ನಿನ್ನ ಮಾತು ಕೇಳಿ ಹಾಸಿಗೆ ಹಿಡಿದವರನ್ನೆಲ್ಲ ಮಹಡಿಗೆ ಹೊರಲಾ? ಡಾಕ್ಟ್ರು ನನ್ನ ಚರ್ಮ ಸುಲೀತಾರೆ ಕಣೆ."

"ಸುಲಿದ್ರೆ ಸುಲೀಲಿ. ನಾನು ಫೋನ್ ಮಾಡಿದ ತಕ್ಷಣ ಹೊರು."

"ಅಯ್ಯೋ, ನಿನ್ನ ಹಟ!" ನಕ್ಕಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಜುಲೈ ೨, ಮಧ್ಯಾಹ್ನ

ಮೇಲೆ ಮಳೆಗೆ ಹುಚ್ಚು ಹಿಡಿದಿದೆ. ಹೊಳೆಯ ಮಾಪಕ ಕೆಂಪು. ಇಲ್ಲಿ ಸಾಹೇಬರು 'ಖಚಿತ' ಮಾಡಿಕೊಳ್ಳುತ್ತಾ ಕೂತಿದ್ದಾರೆ. ಕಾರಿಡಾರಿಗೆ ಓಡಿ ಅಕ್ಕನಿಗೆ ಹೇಳಿದೆ — ಹೊರು. ತಕ್ಷಣ ಫೋನ್ ಇಟ್ಟಳು.

ಸಂಜೆ

ಗಂಟೆ ತುಂಬುವ ಮೊದಲೇ ಕೆಳಗಿನ ವಾರ್ಡಿನ ಕಿಟಕಿ ಮುಳುಗಿತಂತೆ. ಸೈರನ್ ಕೂಗಿದ್ದು ಆಮೇಲೆ! ರೋಗಿಗಳೆಲ್ಲ ಮಹಡಿಯಲ್ಲಿ. ಎಲ್ಲರೂ ಇದ್ದಾರೆ. ಫೋನಿನಲ್ಲಿ ಅಕ್ಕ ಅಳುತ್ತಾ ಯಾರನ್ನೋ ಬಾಯಿಗೆ ಬಂದಂತೆ ಬೈದಳು. ನಾನೂ ಅತ್ತೆ.

ಜುಲೈ ೬

ಮೀಟಿಂಗ್. ಸಾಹೇಬರ ಮುಖ ಊರಗಲ. "ಒಂದು ಜೀವಾನೂ ಹೋಗಿಲ್ಲ. ನಮ್ಮ ವ್ಯವಸ್ಥೆ ಗೆದ್ದಿದೆ." ಚಪ್ಪಾಳೆ. ಚಪ್ಪಾಳೆ ಬೇರೆ!

ಅಕ್ಕನಿಗೆ ನೋಟಿಸ್ — ಅನುಮತಿಯಿಲ್ಲದೆ ರೋಗಿಗಳನ್ನು ಸ್ಥಳಾಂತರಿಸಿದ್ದಕ್ಕೆ.

ಇಷ್ಟಕ್ಕೇ ಮುಗಿಯಲಿಲ್ಲ. "ತೊಂಬತ್ತು ಮೀಟ್ರಿನ ಇದೇ ನಕ್ಷೆ ಪಕ್ಕದ ನಾಲ್ಕು ಕಣಿವೆಗೂ ಹಾಕಿಬಿಡೋಣ," ಅಂದರು. ಎಲ್ಲರೂ ತಲೆಯಾಡಿಸಿದರು. ಮಾನಗೆಟ್ಟವರು.

ಆ ನಾಲ್ಕು ಕಣಿವೆಯಲ್ಲಿ ನನಗೆ ಅಕ್ಕ ಇಲ್ಲ. ಫೋನ್ ಮಾಡಿ ಹೊರು ಅನ್ನಲು ಯಾರೂ ಇಲ್ಲ.

ಸಾಹೇಬರು ಇನ್ನೂ ಕೋಣೆಯಲ್ಲೇ ಇದ್ದಾರೆ. ಬಾಗಿಲು ತೆರೆದಿದೆ. ಹೋಗುತ್ತೇನೆ. ಹೋಗಿ ಐವತ್ತು ನಿಮಿಷದ ಲೆಕ್ಕವನ್ನು ಅವರ ಮುಖಕ್ಕೇ —