ಅಜ್ಜಿ ಲಾರಿ, ಅಪ್ಪನ ಎರಡು ಹಲ್ಲು

ಮಾರ್ಚ್ 4, ಸಂಜೆ

ಮುಂದಿನ ಎಡ ಚಕ್ರ ಎತ್ತಿ ಜ್ಯಾಕ್ ಮೇಲೆ ನಿಲ್ಲಿಸಿದ್ದಾಯಿತು. ಚಕ್ರ ಹಿಡಿದಿಡುವ ಕಿಂಗ್ ಪಿನ್ ಬುಷ್ ಪೂರ್ತಿ ಸವೆದಿದೆ. ಚಕ್ರ ಹಿಡಿದು ಅಲುಗಿಸಿದರೆ ಹಾಲುಹಲ್ಲಿನ ಹಾಗೆ ಆಡುತ್ತದೆ. ಬ್ರೇಕ್ ಲೈನಿಂಗ್ ಹೆಸರಿಗಷ್ಟೇ ಉಳಿದಿದೆ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಒಂದು ಮುರಿದಿದೆ. ಇಪ್ಪತ್ತಾರು ವರ್ಷದ ಲಾರಿ, ಇನ್ನೇನು ತಾನೇ ಇರುತ್ತದೆ. ಎಲ್ಲರೂ ಕರೆಯುವುದು ಅಜ್ಜಿ ಎಂದೇ. ಗಾಡಿ ಮೀಸೆಯಣ್ಣನದು. ಓಡಿಸುವವನೂ ಅವನೇ. ಹದಿನಾಲ್ಕಕ್ಕೆ ಫಿಟ್‌ನೆಸ್ ಪರೀಕ್ಷೆ.

ನನಗೆ ನೆಗಡಿ. ಡೀಸೆಲ್ ವಾಸನೆಯೂ ಮೂಗಿಗೆ ಬಡಿಯುತ್ತಿಲ್ಲ.

ಮಾರ್ಚ್ 5

ಕ್ಯಾಬಿನ್ ಹತ್ತಿದೆ. ಕ್ಲಚ್ ಪೆಡಲ್ ನೋಡಿ ಹಾಗೇ ನಿಂತುಬಿಟ್ಟೆ. ರಬ್ಬರ್ ಎಂದೋ ಹೋಗಿದೆ. ಕೆಳಗಿನ ಕಬ್ಬಿಣ ಅಂಗಾಲಿನ ಆಕಾರಕ್ಕೆ ಗುಂಡಿಬಿದ್ದಿದೆ. ಕಬ್ಬಿಣ! ಒಬ್ಬ ಮನುಷ್ಯನ ಎಡಗಾಲು ಒತ್ತಿ ಒತ್ತಿ ಕಬ್ಬಿಣವನ್ನು ಸವೆಸಿದೆ. ಬೆರಳಾಡಿಸಿದೆ. ನುಣ್ಣಗಿತ್ತು.

ಮೀಸೆಯಣ್ಣ ಕೆಳಗಿನಿಂದ ಕೂಗಿದ. "ಅದೊಂದನ್ನ ಬದಲಾಯಿಸ್ಬೇಡ ತಂಗಿ. ಹೊಸದು ಹಾಕಿದ್ರೆ ಇದು ಯಾರ ಗಾಡಿ ಅಂತ ನನ್ನ ಕಾಲು ಕೇಳತ್ತೆ."

ಸರಿ, ಪೆಡಲ್ ಹಾಗೇ ಇರಲಿ.

ಅಪ್ಪ ಇವತ್ತೂ ಬರಲಿಲ್ಲ. ಮನೆ ಶೆಡ್ಡಿನ ಹಿಂದೆಯೇ ಇದೆ, ಹನ್ನೆರಡು ಹೆಜ್ಜೆ. ಇದು ಅವರೇ ಕಟ್ಟಿದ ಶೆಡ್. ಕಿವಿ ಪೂರ್ತಿ ಹೋದ ದಿನ, "ಇಂಜಿನ್ ಮಾತು ಕೇಳ್ದೇ ಇರೋನಿಗೆ ಅಲ್ಲೇನ್ ಕೆಲ್ಸ" ಎಂದವರು ಎರಡು ವರ್ಷದಿಂದ ಈ ಕಡೆ ಕಾಲಿಟ್ಟಿಲ್ಲ. ನಾವು ಹೇಳುವುದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಬೇಕು.

ಇನ್ನೊಂದು ರಗಳೆ ಹಲ್ಲಿನದು. ಮೇಲೆ ಕಟ್ಟಿಸಿದ ಸೆಟ್ ಇದೆ. ಸ್ವಂತದ್ದು ಉಳಿದಿರುವುದು ಕೆಳಗಿನ ಎರಡೇ. ಅವನ್ನೂ ಕೀಳಿಸಿ ಕೆಳಗೂ ಸೆಟ್ ಹಾಕಿಸೋಣ ಎಂದರೆ ಮುಖ ತಿರುಗಿಸುತ್ತಾರೆ. ಹನ್ನೊಂದನೇ ತಾರೀಖು ಸಂಜೆಗೆ ಹಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಈ ಸಲ ಬಿಡುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಕಿಟಕಿಯ ಸರಳನ್ನು ಕಚ್ಚಿಕೊಂಡು ನಿಂತಿದ್ದರು. ಸಣ್ಣ ಮಗುವಿನ ಹಾಗೆ. ಅಮ್ಮನಿಗೆ ಹೇಳಲಿಲ್ಲ. ಭಯವಾಯಿತು.

ಮಾರ್ಚ್ 7

ಕಿಂಗ್ ಪಿನ್ ಕೂರಿಸಿದೆ. ಮೂರು ಚಕ್ರದ ಲೈನಿಂಗ್ ಮುಗಿಯಿತು. ಬ್ರೇಕ್ ನೋಡೋಣವೆಂದು ಇಂಜಿನ್ ಚಾಲೂ ಮಾಡಿದೆ.

ಟಕ್ ಟಕ್ ಟಕ್.

ಉದ್ದನೆಯ ಸ್ಕ್ರೂಡ್ರೈವರ್ ತುದಿ ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ಅಪ್ಪ ಕಲಿಸಿದ ವಿದ್ಯೆ. ಎಲ್ಲಿಟ್ಟರೂ ಅದೇ ಪೆಟ್ಟು. ನಿಲ್ಲಿಸಿ, ಮತ್ತೆ ಚಾಲೂ ಮಾಡಿ, ಮೂರು ಸಲ ಕೇಳಿದೆ. ಬಿಗ್ ಎಂಡ್ ಬೇರಿಂಗೇ ಹೋಗಿದೆ, ಇಂಜಿನ್‌ನ ಹೊಟ್ಟೆಯೊಳಗಿನದು. ಅಲ್ಲಿಗೆ ಕೈ ಹೋಗಬೇಕಾದರೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಮೀಸೆಯಣ್ಣನಿಗೆ ಹೇಳಿದೆ. ಟೈರಿನ ಮೇಲೆ ಕುಳಿತುಬಿಟ್ಟ.

"ಈ ಇಂಜಿನ್ನಿನ ಒಳಗಿನ ಸಾಮಾನು ಈಗ ಎಲ್ಲೂ ಸಿಗಲ್ಲ ತಂಗಿ. ಬಿಚ್ಚಿದ್ರೆ ಮುಗೀತು."

"ಎಲ್ಲಾದ್ರೂ ವಿಚಾರಿಸೋಣ ಅಣ್ಣ..."

"ಹತ್ತು ವರ್ಷದಿಂದ ವಿಚಾರಿಸ್ತಾನೇ ಇದೀನಿ. ಹನ್ನೊಂದಕ್ಕೆ ಗುಜರಿಯವನಿಗೆ ಬರೋಕೆ ಹೇಳ್ತೀನಿ. ನೀನು ಮನಸ್ಸಿಗೆ ಹಚ್ಕೋಬೇಡ."

ಹೋಗುವಾಗ ಬಾನೆಟ್ ಮೇಲೆ ಕೈಯಿಟ್ಟು ಹೋದ. ನನಗೆ ನೋಡಲಾಗಲಿಲ್ಲ.

ಮಾರ್ಚ್ 11, ಬೆಳಿಗ್ಗೆ

ಮೂರು ದಿನ ಏನೂ ಬರೆದಿಲ್ಲ. ನಾಲ್ಕನೇ ಚಕ್ರವನ್ನೂ ಮುಟ್ಟಿಲ್ಲ. ಗುಜರಿಗೆ ಹೋಗುವ ಗಾಡಿಗೆ ಬ್ರೇಕ್ ಯಾಕೆ.

ಈಗಷ್ಟೇ ಅಪ್ಪನ ಸ್ಲೇಟಿನ ಮೇಲೆ ಬರೆದೆ: ಅಜ್ಜಿ ಇವತ್ತು ಹೋಗುತ್ತಾಳೆ, ಬಿಗ್ ಎಂಡ್ ಹೋಗಿದೆ. ಅವರ ಕೈಯಲ್ಲೇ ಎಷ್ಟೋ ಸಲ ರಿಪೇರಿಯಾದ ಗಾಡಿ, ತಿಳಿಸದಿದ್ದರೆ ತಪ್ಪಾಗುತ್ತದೆ.

ಓದಿದರು. ಸ್ಲೇಟು ಕೆಳಗಿಟ್ಟರು. ಚಪ್ಪಲಿ ಹುಡುಕುತ್ತಿದ್ದಾರೆ!

ಮಾರ್ಚ್ 11, ಮಧ್ಯಾಹ್ನ

ಇದ್ದದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ.

ಅಪ್ಪ ಬಂದರು. "ಚಾಲೂ ಮಾಡು" ಎಂದರು. ಮೇಲಿನ ಹಲ್ಲುಸೆಟ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಮೂಲೆಯಲ್ಲಿದ್ದ ಉದ್ದನೆಯ ಕಬ್ಬಿಣದ ಸರಳು ತಂದು ಒಂದು ತುದಿ ಇಂಜಿನ್‌ಗೆ ಒತ್ತಿದರು. ಇನ್ನೊಂದು ತುದಿ ಆ ಎರಡು ಹಲ್ಲಿಗೆ. ಕಣ್ಣು ಮುಚ್ಚಿದರು.

ಮೀಸೆಯಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಸರಳು ನಿಧಾನವಾಗಿ ಇಂಜಿನ್ ಮೇಲೆಲ್ಲ ಓಡಾಡಿತು. ಕೊನೆಗೆ ಪಕ್ಕದಲ್ಲಿರುವ ಸಣ್ಣ ಕಂಪ್ರೆಸರ್ ಮೇಲೆ ನಿಂತಿತು, ಬ್ರೇಕಿಗೆ ಗಾಳಿ ತುಂಬುವುದು. ಅಲ್ಲೇ ಬಹಳ ಹೊತ್ತು ನಿಂತರು. ಆಮೇಲೆ ಕ್ಯಾಬಿನ್ನಿಗೆ ಹತ್ತಿ ಗಾಳಿಯ ಮೀಟರ್ ನೋಡಿದರು. ಮುಳ್ಳು ಅರ್ಧಕ್ಕೂ ಏರಿರಲಿಲ್ಲ.

"ಎಲ್ಲೋ ಗಾಳಿ ಸೋರ್ತಿದೆ ಅಲ್ವಾ?"

ತಲೆಯಾಡಿಸಿದೆ. ನಾಲ್ಕನೇ ಚಕ್ರದ ಬ್ರೇಕಿನ ರಬ್ಬರ್ ಹರಿದಿತ್ತು. ಕೊನೆಗೆ ಮಾಡೋಣವೆಂದು ಬಿಟ್ಟಿದ್ದೆ.

"ಹಾಗಾದ್ರೆ ಕಂಪ್ರೆಸರ್‌ಗೆ ಉಸಿರಾಡೋಕೇ ಬಿಟ್ಟಿಲ್ಲ ನೀನು. ತುಂಬ್ತಾನೇ ಇದೆ, ತುಂಬ್ತಾನೇ ಇದೆ. ಸೋರೋ ಪೈಪ್ ಮುಚ್ಚು."

ಮುಚ್ಚಿದೆ. ಮುಳ್ಳು ಏರತೊಡಗಿತು. ಐದು. ಆರು. ಏಳು. ಟಕ್ ಟಕ್ ನಡೆದೇ ಇತ್ತು. ಎಂಟಕ್ಕೆ ಟ್ಯಾಂಕ್ ತುಂಬಿ ವಾಲ್ವ್ 'ಪುಸ್' ಎಂದಿತು. ಗಾಳಿ ಒತ್ತುವ ಕೆಲಸ ನಿಂತು ಕಂಪ್ರೆಸರ್ ಹಗುರಾಯಿತು.

ಟಕ್ ಟಕ್ ನಿಂತುಹೋಯಿತು.

ಇಂಜಿನ್ ಮಾತ್ರ ಗುರ್ ಎಂದು ಓಡುತ್ತಿತ್ತು, ಒಂದೇ ಸಮನೆ, ತುಂಬು ದನಿಯಲ್ಲಿ.

ಅಪ್ಪ ಇಳಿದು ಮತ್ತೆ ಸರಳಿಟ್ಟು ಕೇಳಿದರು. "ಇಂಜಿನ್ ಕಲ್ಲಿನಂಗಿದೆ. ಸವೆದಿರೋದು ಕಂಪ್ರೆಸರ್ ಬೇರಿಂಗು. ಬೇರೆ ಗಾಡೀದು ತಂದು ಹಾಕಿದ್ರೂ ಕೂರತ್ತೆ."

ಮೀಸೆಯಣ್ಣ ಅಪ್ಪನ ಎರಡೂ ಕೈ ಹಿಡಿದುಕೊಂಡ. ಆಗಲೇ ಗುಜರಿಯವನು ಬಂದ. ಚಹಾ ಕುಡಿಸಿ ಕಳಿಸಿದೆವು.

ನಾಚಿಕೆಯಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಎರಡು ಕಿವಿ ನೆಟ್ಟಗಿರುವ ನಾನು ಒಂದು ಒಳ್ಳೆಯ ಇಂಜಿನ್ನಿಗೆ ಗುಜರಿಯ ದಾರಿ ತೋರಿಸಿದ್ದೆ. ಅಪ್ಪ ಎರಡು ಹಲ್ಲಿನಲ್ಲಿ ಕೇಳಿದರು. ಎಂಥಾ ಮನುಷ್ಯ! ಇಂಥವರ ಮಗಳಾಗಿ ಹುಟ್ಟಿಯೂ ನನಗೆ ಇದು ಗೊತ್ತಿರಲಿಲ್ಲ.

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಇವತ್ತೂ ಅಲ್ಲ, ಮುಂದೆಯೂ ಅಲ್ಲ.

ಮಾರ್ಚ್ 14, ಸಂಜೆ

ಅಜ್ಜಿ ಪಾಸು! ಕಂಪ್ರೆಸರ್, ನಾಲ್ಕನೇ ಚಕ್ರ, ಸ್ಪ್ರಿಂಗ್ ಪ್ಲೇಟ್ ಎಲ್ಲಾ ನಿನ್ನೆಯೇ ಮುಗಿಸಿದ್ದೆ. ಮೀಸೆಯಣ್ಣ ಗೇಟಿನಿಂದಲೇ ಹಾರ್ನ್ ಹೊಡೆದುಕೊಂಡು ಬಂದ. ಮುಂದಿನ ಸಲ ಅಪ್ಪನೇ ಬಂಪರ್ ಕಚ್ಚಿ ಪರೀಕ್ಷೆ ಮಾಡಲಿ ಎಂದು ತಮಾಷೆ ಮಾಡಿದ.

ಅವನು ಹೋದಮೇಲೆ ಟೈರಿನ ಮೇಲೆ ಬಳಪದಲ್ಲಿ ಬರೆದು ಕೇಳಿದೆ: ಯಾವಾಗಿನಿಂದ ಹೀಗೆ ಕೇಳುತ್ತಿದ್ದೀರಿ?

"ಮಳೆಗಾಲದಿಂದ. ಕಿಟಕಿ ಸರಳಿಗೆ ಹಲ್ಲು ತಾಗ್ತು, ರಸ್ತೇಲಿ ಹೋಗೋ ಲಾರಿ ಕೇಳಿಸ್ತು. ಹೇಳಿದ್ರೆ ಅಪ್ಪಂಗೆ ಹುಚ್ಚು ಅಂತಿದ್ರಿ."

ಅನ್ನುತ್ತಿದ್ದೆವು, ಖಂಡಿತ.

ಅಪ್ಪ ಸರಳನ್ನು ಬಟ್ಟೆಯಿಂದ ಒರೆಸಿದರು. ಒಂದು ತುದಿ ಹಲ್ಲಿಗಿಟ್ಟು, ಇನ್ನೊಂದನ್ನು ಮೆತ್ತಗೆ ನನ್ನ ಗಂಟಲಿಗೆ ಒತ್ತಿದರು. ಮಾತಾಡು ಎಂದು ಕೈಸನ್ನೆ ಮಾಡಿದರು.

ಎರಡು ವರ್ಷ ಬರೀ ಸ್ಲೇಟು. ಏನು ಮಾತಾಡುವುದು?

"ಅಪ್ಪ" ಎಂದೆ.

ಕಣ್ಣು ಮುಚ್ಚಿದ್ದರು. ಇಂಜಿನ್ ಕೇಳುವಾಗಿನ ಅದೇ ಮುಖ. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಎಂದು ಬೆರಳು ತೋರಿಸಿದರು.

"ಅಪ್ಪಾ."

ಸರಳು ಬಾಯಿಂದ ತೆಗೆದರು.

"ನೆಗಡಿ ಆಗಿದೆಯಲ್ಲೇ ನಿಂಗೆ. ಎಷ್ಟ್ ದಿನ ಆಯ್ತು?"

ಹತ್ತು ದಿನ. ಸ್ಲೇಟಿನಲ್ಲಿ ನೆಗಡಿ ಕಾಣುವುದಿಲ್ಲವಲ್ಲ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಕಷಾಯ ಮಾಡಿಸುತ್ತೇನೆಂದು ಅಪ್ಪ ಒಳಗೆ ಹೋದರು. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಬಂದರು. ಲೋಟ ಅಮ್ಮನ ಕೈಯಲ್ಲಿದೆ, ಸರಳು ಅಪ್ಪನ ಕೈಯಲ್ಲಿ. ಎರಡು ವರ್ಷದ್ದು ಬಾಕಿಯಿದೆಯಂತೆ, ಎಲ್ಲಾ ಹೇಳಬೇಕಂತೆ. ಮೊದಲು ಏನು ಹೇಳಲಿ... ಆ ಪೆಡಲ್‌ದೇ ಹೇಳುತ್ತೇನೆ, ಕಬ್ಬಿಣ ಹೇಗೆ ಕಾಲಿನ ಹಾಗೆ —